ಒಪ್ಪಿಕೊಂಡರೆ ಬೇಗ ಬಿಡ್ತಾರಂತೆ, ಏನು ಮಾಡಲಿ?

ಪ್ರಶ್ನೆ (ವಿಜಯಪುರ):
ನನ್ನ ತಮ್ಮ ಬೈಕ್ ಕಳವಿನ ಕೇಸಿನಲ್ಲಿ ಹತ್ತು ತಿಂಗಳಿಂದ ಜೈಲಿನಲ್ಲಿದ್ದಾನೆ. ಅವನು ಕದ್ದಿಲ್ಲ. ಜಾಮೀನು ಸಿಕ್ಕು ಎರಡು ತಿಂಗಳಾಯಿತು, ಆದರೆ ಶ್ಯೂರಿಟಿಗೆ ನಮ್ಮ ಹತ್ತಿರ ಹೊಲದ ಉತಾರ (ಪಹಣಿ) ಇಲ್ಲ, ಯಾರೂ ಮುಂದೆ ಬರುತ್ತಿಲ್ಲ. ‘ಸುಮ್ನೆ ಒಪ್ಪಿಕೊ, ಒಳಗಿದ್ದ ದಿನಗಳೇ ಶಿಕ್ಷೆ ಅಂತ ಲೆಕ್ಕವಾಗುತ್ತದೆ’ ಅಂತ ವಕೀಲರ ಒತ್ತಾಯ. ಅವ್ವ ದಿನಾ ಅಳುತ್ತಾಳೆ.

ಉತ್ತರ (ಬೆಳಗಾವಿ):
ಒಪ್ಪಿಸಬೇಡಿ ರೀ! ಕಳ್ಳ ಅನ್ನೋ ದಾಖಲೆ ಉಳಿಯುತ್ತದೆ. ಸಾಮಾನ್ಯ ಕಳವಿಗೆ ಗರಿಷ್ಠ 3 ವರ್ಷ. ಇದೇ ಮೊದಲ ಕೇಸು, ಬೇರೆ ಯಾವುದೂ ಇಲ್ಲ ಅಂದರೆ, ನಾಗರಿಕ ಸುರಕ್ಷಾ ಸಂಹಿತೆಯ (ಕ್ರಿಮಿನಲ್ ಕೇಸು ನಡೆಸುವ ಕಾನೂನು) 479ನೇ ಕಲಂ ಪ್ರಕಾರ ಅದರ ಮೂರನೇ ಒಂದು ಭಾಗ, ಅಂದರೆ 1 ವರ್ಷ ಒಳಗಿದ್ದರೆ ಬಾಂಡ್ (ಮುಚ್ಚಳಿಕೆ) ಮೇಲೆ ಬಿಡಬೇಕು.

ಉತ್ತರ (ಬಾಗಲಕೋಟೆ):
ಅಣ್ಣಾ, ಶ್ಯೂರಿಟಿ ಷರತ್ತು ಸಡಿಲಿಸಲು ನಾಳೆಯೇ ಅರ್ಜಿ ಹಾಕಿಸಿ. ಜಾಮೀನು ಸಿಕ್ಕು ತಿಂಗಳಾದರೂ ಹೊರಬರದಿದ್ದರೆ ಕೋರ್ಟ್ ಆ ಷರತ್ತನ್ನು ಪರಿಶೀಲಿಸಬಹುದು ಅಂತ ಸುಪ್ರೀಂ ಕೋರ್ಟ್ 2023ರಲ್ಲೇ ಹೇಳಿದೆ. ಜೈಲಿನಲ್ಲಿರುವವರಿಗೆ ವಕೀಲರು ಉಚಿತ, ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ.