‘ವೆಟ್ ಶೇವಿಂಗ್’ಗೆ ಏನ್ ಅನ್ನೋಣ್ರಿ? ಜವಾರಿ ದಾಡಿ ಅಂದ್ರ ನಡೀತೈತೇನು?

ಎಲ್ಲಾರಿಗೂ ಶರಣು. ಭಾಳ ದಿನದ ಮ್ಯಾಲ ಬರ್ಯಾಕತ್ತೇನಿ, ಅದೂ ದಾಡಿ ವಿಚಾರಕ್ಕ, ನಗಬ್ಯಾಡ್ರಿ.

ನಮ್ಮಕ್ಕನ ಮಗನ ಗೆಳೆಯ ಒಬ್ಬಾಂವ ಇಲ್ಲೇ ಬೆಳಗಾವಿ ಟಿಳಕವಾಡಿ ಕಡೆ ಗಂಡಸರಿಗಂತನ ಒಂದ್ ದೊಡ್ಡ ಸಲೂನ್ ತಗದಾನ. ಸಲೂನ್ ಅಂದ್ರ ಸಿಟ್ಟಿಗೇಳ್ತಾನ, ಅದು ‘ಗ್ರೂಮಿಂಗ್ ಲೌಂಜ್’ ಅಂತ. ಚರ್ಮದ ಕುರ್ಚಿ, ಹಳದಿ ಬಲ್ಬು, ಗ್ವಾಡಿ ಮ್ಯಾಲ ಲಂಡನ್ನಿನ ಹಳೇ ಬಾರ್ಬರ್ ಶಾಪಿನ ಕಪ್ಪು-ಬಿಳಿ ಫೋಟೋ. 1805ರಾಗ ಲಂಡನ್ನಿನಾಗ ಶುರು ಆದ ಟ್ರೂಫಿಟ್ ಅಂಡ್ ಹಿಲ್ ಈಗ ನಮ್ಮ ದೇಶದ ದೊಡ್ಡ ಊರಿಗೂ ಬಂದೈತಲ್ಲ, ಅದನ್ನ ಮುಂಬೈದಾಗ ನೋಡಿ ಬಂದಾಗಿಂದ ಇವನ ತಲ್ಯಾಗ ಹುಳಾ ಹೊಕ್ಕೈತಿ. ಬೋರ್ಡಿನಾಗ 60 ಪರ್ಸೆಂಟ್ ಕನ್ನಡ ಇರ್ಬೇಕಂತ 2024ರಾಗ ಕಾಯ್ದೆ ಬಿಗಿ ಆತು, ಹೊರಗಿನ ಬೋರ್ಡ್ ಹ್ಯಾಂಗೋ ಮಾಡ್ಸಿದ, ಅದರ ಜೋಡಿ ಒಳಗಿನ ರೇಟ್ ಕಾರ್ಡೂ ಕನ್ನಡದಾಗ ಇರ್ಲಿ ಅಂತ ಅವನಿಗ ಮನಸ್ಸಿಗೆ ಬಂದು "ಮಾಮಾ, ನೀವು ಪದಾ ಗಿದಾ ನೋಡೋರು, ಒಂದ್ ತಾಸಿನ ಕೆಲ್ಸ" ಅಂತ ಕಾರ್ಡ್ ನನ್ ಕೈಯಾಗ ಇಟ್ಟ. ಮೂರ್ ವಾರ ಆತು, ಇನ್ನೂ ಮುಗಿದಿಲ್ಲ.

ಮೊದಲನೇ ಸಾಲಿನಾಗನ ಗಾಡಿ ನಿಂತ್ತು. ‘ಟ್ರೆಡಿಶನಲ್ ವೆಟ್ ಶೇವ್, 350’. ಅಲ್ಲೋ ತಮ್ಮಾ, ನೀರ್ ಹಚ್ಚದ ದಾಡಿ ಯಾರ್ ಮಾಡ್ತಿದ್ರು, ಒಣಾ ದಾಡಿ ಅಂತ ಒಂದ್ ಇತ್ತೇನು ಅಂದ್ನಿ. ಆಮ್ಯಾಲ ಹೊಳೀತು, ಇತ್ತು. ಅಮೆರಿಕಾದ ಜೇಕಬ್ ಶಿಕ್ ಅನ್ನಾಂವ 1931ರಾಗ ಕರೆಂಟಿನ ರೇಜರ್ ಮಾರಾಕ ತಂದ, ಅದಕ್ಕ ನೀರೂ ಬ್ಯಾಡ ಸೋಪೂ ಬ್ಯಾಡ, ಆವಾಗಿಂದ ಅಲ್ಲಿ ಮಂದಿಗೆ ಹಳೇದಕ್ಕ ಒಂದ್ ಬ್ಯಾರೆ ಹೆಸರು ಬೇಕಾತು. ಮೊದಲ ಬರೇ ಫೋನ್ ಇತ್ತು, ಮೊಬೈಲ್ ಬಂದ ಮ್ಯಾಲ ಅದು ಲ್ಯಾಂಡ್‌ಲೈನ್ ಆತು ನೋಡ್ರಿ, ಹಂಗ. ಹೊಸಾದು ಹುಟ್ಟಿದ ಮ್ಯಾಲ ಹಳೇದಕ್ಕ ನಾಮಕರಣ.

ಈಗ ಕನ್ನಡಕ್ಕ ಬರೋಣ. ‘ಹಸಿ ದಾಡಿ’ ಅಂದ್ರ ಹಸಿ ಗಾಯ ನೆನಪಾಗ್ತೈತಿ, ಗಿರಾಕಿ ಬಾಗಲಾಗಿಂದನ ವಾಪಸ್ ಹೋದಾನು. ‘ಒದ್ದಿ ದಾಡಿ’ ಅಂದ್ರ ಮಳ್ಯಾಗ ತೋಯಿಸಿಕೊಂಡ ಸ್ವಾಮೇರ ಗಡ್ಡ. ಬೆಂಗಳೂರಿನ ಗೆಳೆಯರೊಬ್ರು ಫೋನಿನಾಗ ‘ಆರ್ದ್ರ ಕ್ಷೌರ’ ಅಂತ ಕೊಟ್ರು, ಅದು ನಂಗ ದಾಡಿಗಿಂತ ಮಳಿ ನಕ್ಷತ್ರಾನ ಅನಿಸ್ತು, ನಮ್ಮ ಕಡೆ ರೈತರು ಕೇಳಿದ್ರ ಬಿತ್ತಾಕ ಹೊಂಡ್ತಾರ. ಆವಾಗ ಊಟದ ಹೊತ್ತಿನಾಗ ನಮ್ಮ ಮನಿಯಾಕಿ ಬಳ್ಳೊಳ್ಳಿ ಸುಲ್ಕೋತ "ಇವು ಜವಾರಿ ಅಲ್ಲ, ವಾಸನೀನ ಇಲ್ಲ" ಅಂದ್ಳು. ಸಿಕ್ತು ಅನಿಸ್ತು! ಜವಾರಿ ಬಳ್ಳೊಳ್ಳಿ, ಜವಾರಿ ಕೋಳಿ, ಜವಾರಿ ಸವತಿಕಾಯಿ, ಇವೆಲ್ಲಾ ಹೈಬ್ರಿಡ್ ಬರೂ ಮೊದಲ ಬರೇ ಬಳ್ಳೊಳ್ಳಿ, ಬರೇ ಕೋಳಿ. ಹಂಗಾರ ವೆಟ್ ಶೇವ್ ಅಂದ್ರ ಜವಾರಿ ದಾಡಿ ಯಾಕಾಗಬಾರ್ದು? ಹುಡುಗ ಒಪ್ಪವಲ್ಲ. "ಜವಾರಿ ಅಂದ್ರ ಹಳ್ಳಿ ಅನಿಸ್ತೈತಿ ಮಾಮಾ, 350 ಯಾರ್ ಕೊಡ್ತಾರ" ಅಂತಾನ. ಹೋಟೆಲ್ನಾಗ ಜವಾರಿ ಕೋಳಿಗೆ ಬ್ರಾಯ್ಲರ್‌ಗಿಂತ ರೊಕ್ಕ ಜಾಸ್ತಿ ಕೊಡೂದಿಲ್ಲೇನು ಅಂದ್ನಿ, ಸುಮ್ಮನಾದ, ಆದ್ರ ಪೂರ್ತಿ ಒಪ್ಪಿಲ್ಲ. ಇದು ನನ್ನ ಮೊದಲನೇ ಪ್ರಶ್ನೆ. ಜವಾರಿ ಅನ್ನೂದು ಬೆಳಿ, ಕೋಳಿ, ಮಂದಿ ಬಿಟ್ಟು ಒಂದ್ ಕೆಲಸಕ್ಕ, ಒಂದ್ ಪದ್ಧತಿಗೆ ಹಚ್ಚಿದ್ದು ಯಾರರ ಕೇಳೀರೇನು? ದಕ್ಷಿಣದವ್ರು ನಾಟಿ ಅಂತೀರಿ, ‘ನಾಟಿ ಶೇವಿಂಗ್’ ಅಂದ್ರ ಇಂಗ್ಲಿಷಿನಾಗ ಬ್ಯಾರೇನ ಆಗ್ತೈತಿ, ಅದು ಬ್ಯಾಡ.

ದಾಡಿ ಅಂದದ್ದಕ್ಕ ಒಂದ್ ಮಾತು. ಮೈಸೂರಿನವ್ರು ನಮ್ಮನ್ನ ನೋಡಿ ನಗ್ತಾರ, "ದಾಡಿ ಮಾಡ್ಸಿಕೊಂಡ್ ಬಂದ್ನಿ ಅಂತೀರಿ, ಮುಖದ ಮೇಲೆ ದಾಡೀನೇ ಇಲ್ವಲ್ರೀ" ಅಂತ. ಖರೆ, ಮರಾಠಿಯೊಳಗಿನ ‘ದಾಢೀ ಕರಣೇ’ ಹಂಗ ಹಂಗ ಬಂದು ಕುಂತೈತಿ. ದಾಡಿ ಬಿಟ್ಟಾನ ಅಂದ್ರ ಬೆಳಸ್ಯಾನ, ದಾಡಿ ಮಾಡ್ಯಾನ ಅಂದ್ರ ತಗದಾನ. ಆದ್ರ ಇದು ಬರೇ ಎರವಲು ಅಂತ ನಾ ಒಪ್ಪೂದಿಲ್ಲ. ಬೋಳಿಸು ಅನ್ನೂ ಮಾತು ನಮ್ಮ ಮನ್ಯಾಗ ಹಿರ್ಯಾರು ಬಾಯಾಗ ತರಾಕ ಬಿಡ್ತಿದ್ದಿಲ್ಲ, ಅದರಾಗ ಸಾವು-ಸೂತಕ ಐತಿ, ವಿಧವೆಯರಿಗೆ ಅಂತಿದ್ದ ಕೆಟ್ಟ ಬೈಗುಳ ಐತಿ, ಮ್ಯಾಲ ತಲಿ ಬೋಳಿಸಿದ ಅಂದ್ರ ಮೋಸ. ದೀಪ ಆರಿಸು ಅನ್ನದ ದೀಪ ಶಾಂತ ಮಾಡು ಅಂದಂಗ ಇದೂ ಒಂದ್ ಮರ್ಯಾದಿ ಮಾತು ಅಂತ ನನ್ನ ಅನಿಸಿಕಿ.

ಮುಂದಿನ ಸಾಲು ‘ಕಟ್ ಥ್ರೋಟ್ ರೇಜರ್ ಶೇವ್’. ಇದನ್ನ ಹುಡುಗ ಮೊದಲ ಮೊಬೈಲಿನಾಗ ಹಾಕಿ ತರ್ಜುಮೆ ಮಾಡ್ಸಿದ್ದ, ‘ಗಂಟಲು ಕತ್ತರಿಸುವ ಕ್ಷೌರ’ ಅಂತ ಬಂದಿತ್ತು. ಅದರ ಕೆಳಗ ‘ಎಗೇನ್ಸ್ಟ್ ದ ಗ್ರೇನ್’ ಅಂತ ಇದ್ದದ್ದು ‘ಧಾನ್ಯದ ವಿರುದ್ಧ’ ಆಗಿತ್ತು. ಎರಡಕ್ಕೂ ನಮ್ಮ ಮಂದಿ ಬಾಯಾಗ ಮಾತು ಅದಾವು. ಆ ಮಡಚೋ ಉದ್ದ ಕತ್ತಿ ಅಂದ್ರ ವಸ್ತ್ರಾ. ಕೂದಲದ ಎದುರು ಅಂದ್ರ ಉಲ್ಟಾ, "ಉಲ್ಟಾ ಹೊಡೀಲೇನ್ರಿ?" ಅಂತ ಕೇಳದ ದಾಡಿ ಮುಗಿಸೂ ಅಂಗಡಿ ನಮ್ಮ ಕಡೆ ನಾ ನೋಡಿಲ್ಲ. ವಸ್ತ್ರಾ ಅನ್ನೂದು ಪಾರ್ಸಿ ಮೂಲದ್ದು, ಹಿಂದಿಯೊಳಗ ಉಸ್ತರಾ, ಮರಾಠಿಯೊಳಗ ವಸ್ತರಾ ಆಗಿ ನಮ್ಮ ಕಡೆ ವಸ್ತ್ರಾ ಆತು. ತಾಪತ್ರಯ ಏನಂದ್ರ ಡಿಟಿಪಿ ಮಾಡೋ ಹುಡುಗಿ ನಂದ ತಪ್ಪು ಅಂತ ತಿಳ್ಕೊಂಡು ಕೊನೀ ದೀರ್ಘ ತಗದು ‘ವಸ್ತ್ರದ ದಾಡಿ’ ಅಂತ ತಿದ್ದಿ ಕಳಿಸ್ಯಾಳ! ಅರಬಿ ಅಂಗಡಿ ಆಗೇತಿ ಅದು. ಕ್ಷೌರದ ಕತ್ತಿ ಅಂತ ಬರೀಬಹುದು, ಮೂಲದಾಗ ಸಂಸ್ಕೃತದ ‘ಕ್ಷುರ’ ಅಂದ್ರನ ಆ ಕತ್ತಿ, ಕ್ಷುರದಿಂದ ಮಾಡೂದು ಕ್ಷೌರ, ಗ್ರೀಕಿನ ‘ಕ್ಸುರೋನ್’ ಇದರ ದಾಯಾದಿ. ಆದ್ರ ಕ್ಷೌರದ ಕತ್ತಿ ಅಂದ್ರ ಶಾಲಿ ಪುಸ್ತಕ ಓದಿದಂಗ ಆಗ್ತೈತಿ, ವಸ್ತ್ರಾ ಅಂದ್ರ ಕಿವಿ ಹಿಂದ ತಣ್ಣಗ ಆಗ್ತೈತಿ.

ಸೋಪಿನ ನೊರಿ ವಿಷಯ ಇನ್ನೂ ಮಜಾ. ಬೆಳಗಾವ್ಯಾಗ ಮರಾಠಿ ಕನ್ನಡ ಕೂಡಿ ಮಾತಾಡೋ ಹಳೇ ಅಂಗಡಿಯಾಗ ನೊರಿಗೆ ‘ಫೇಸ’ ಅಂತಾರ, ಮರಾಠಿದು. ಹೊಸಾ ಲೌಂಜಿನಾಗ ಕೆಲ್ಸಕ್ಕ ಬಂದ ಹಿರಿಯ ಕಾಕಾ ಒಬ್ರು ಗಿರಾಕಿಗೆ "ಫೇಸ ಛಲೋ ಬರಾಕತ್ತೈತಿ ಸಾಹೇಬ್ರ" ಅಂದ್ರು, ಆ ಐಟಿ ಹುಡುಗ ಕನ್ನಡಿ ನೋಡಿ "ಥ್ಯಾಂಕ್ಯೂ" ಅಂದ. ನಂಗ ನೊರಿನ ಇರ್ಲಿ ಅನಿಸ್ತು. ಬುರುಗು ಅಂತೂ ಐತಿ, ಆದ್ರ ಬ್ರಶ್ಶಿನಿಂದ ಗಟ್ಟಿಯಾಗಿ ಬೆಣ್ಣಿ ಹಂಗ ಬರೂದಕ್ಕ ಬುರುಗು ಅನ್ನಾಕ ನಂಗ ಮನಸ್ಸಿಲ್ಲ, ಬುರುಗು ಊದಿದ್ರ ಹಾರ್ತೈತಿ. ನಿಮ್ಮ ಕಡೆ ಹೆಂಗೈತಿ ಹೇಳ್ರಿ. ಬ್ರಶ್ಶು ‘ಬ್ಯಾಜರ್ ಹೇರ್’ ಅಂತ, ಹುಡುಗ ‘ಕರಡಿ ಕೂದಲು’ ಬರದಿದ್ದ. ಕನ್ನಡದಾಗ ತರಕರಡಿ ಅಂತ ಒಂದ್ ಪ್ರಾಣಿ ಐತಿ, ಹನಿ ಬ್ಯಾಜರ್, ಆದ್ರ ಬ್ರಶ್ಶಿಗೆ ಬಳಸೂದು ಅದರ ಕೂದಲಲ್ಲ, ಅದಕ್ಕ ಬ್ಯಾಜರ್ ಅಂತನ ಬಿಟ್ಟೇನಿ.

ಆಲಮ್‌ಗೆ ಯೋಚನೀನ ಬೇಕಾಗಲಿಲ್ಲ, ತುರಟಿ. ಮರಾಠಿಯೊಳಗ ಒಗರಿಗೆ ತುರಟ ಅಂತಾರ, ಅದರಿಂದ ತುರಟಿ. ದಕ್ಷಿಣದಾಗ ಪಟಿಕ ಅಂತೀರಿ, ವಿಜಯಪುರದಾಗ ಉರ್ದು ಮಾತಾಡೋರು ಫಿಟಕರಿ ಅಂತಾರ. ದಾಡಿ ಆದ ಮ್ಯಾಲ ಒದ್ದಿ ಮುಖಕ್ಕ ತಿಕ್ಕಿದ್ರ ಚುರ್ ಅಂತ ಸಣ್ಣ ಗಾಯ ಎಲ್ಲಾ ಮುಚ್ಕೋತಾವು. ಕೃಷ್ಣಾ ಹೊಳಿಗೆ ಹೊಸಾ ಕೆಂಪ ನೀರು ಬಂದಾಗ ನಮ್ಮವ್ವ ಇದ ತುರಟಿ ತುಣುಕನ್ನ ಕೊಡದಾಗ ನಾಕ್ ಸುತ್ತು ತಿರುವಿ ಇಡ್ತಿದ್ಳು, ಮುಂಜಾನಿ ರಾಡಿ ಎಲ್ಲಾ ತಳಕ್ಕ. ಈಗ ಅದನ್ನ ಚೌಕಾಗಿ ಕೊಯ್ದು, ಡಬ್ಬ್ಯಾಗ ಹಾಕಿ, ಲಂಡನ್ ಹೆಸರು ಹೊಡದು ಮಾರ್ತಾರ.

ಕಾಜಿನ ಕಪಾಟಿನಾಗ ‘ವಿಂಟೇಜ್’ ಅಂತ ಚೀಟಿ ಹಚ್ಚಿ ಇಟ್ಟದ್ದೂ ನೋಡಿದ್ನಿ, ಮೂರು ತುಂಡು ಬಿಚ್ಚೋ ರೇಜರು, ನಮ್ಮಪ್ಪನ ಹತ್ರ ಇದ್ದದ್ದ. 1904ರಾಗ ಅಮೆರಿಕಾದ ಕಿಂಗ್ ಕ್ಯಾಂಪ್ ಜಿಲೆಟ್ ಪೇಟೆಂಟ್ ತಗೊಂಡ ತೆಳು ಬ್ಲೇಡಿನ ವಂಶದ್ದು. ಆಮ್ಯಾಲ ಅದ ಕಂಪನಿಯವ್ರು 1971ರಾಗ ಎರಡ್ ಬ್ಲೇಡ್, 1998ರಾಗ ಮೂರು, 2006ರಾಗ ಐದು ಮಾಡಿದ್ರು, ರೇಟೂ ಹಂಗ ಏರ್ತು, ಈಗ ಮಂದಿ ಬ್ಯಾಸತ್ತು ಒಂದ ಬ್ಲೇಡಿಗೆ ವಾಪಸ್ ಬರಾಕತ್ತಾರ. ನಮ್ಮಪ್ಪ ಇದಕ್ಕ ಹೆಸರನ್ನ ಇಟ್ಟಿದ್ದಿಲ್ಲ. ರೇಜರು, ಬ್ರಶ್ಶು, ಅಲ್ಯೂಮಿನಿಯಮ್ ಬಟ್ಲ, ಕಿಡಕಿ ಸರಳಿಗೆ ಸಿಗಿಸಿದ್ದ ಒಡಕ ಕನ್ನಡಿ, ಎಲ್ಲಾ ಕೂಡಿ ‘ದಾಡಿ ಸಾಮಾನ’. ಸೆಟ್ ಆಗಿ ಮಾರೂದಕ್ಕ ಅದನ್ನ ಕೊಟ್ಟೇನಿ, ಹುಡುಗನೂ ಖುಷ್.

ಹಜಾಮ ಅನ್ನೂ ಶಬ್ದ ಎಲ್ಲೂ ಬರಬಾರ್ದು ಅಂತ ಮೊದಲ ಹೇಳೇನಿ. ಅರಬ್ಬಿಯೊಳಗ ರಕ್ತ ಎಳದು ತಗಿಯೋ ವೈದ್ಯನಿಗೆ ಇದ್ದ ಹೆಸರು, ನಮ್ಮಲ್ಲಿ ಬೈಗುಳ ಆಗಿ ಹೋತು. ನಮ್ಮೂರು ಬಾಗಲಕೋಟಿ ಜಿಲ್ಲಾದ್ದು, ಅಲ್ಲಿ ಹಡಪದ ಕಾಕಾ ಅಂತಿದ್ವಿ. ಹಡಪ ಅಂದ್ರ ಮೊದಲ ಎಲಿ-ಅಡಿಕಿ ಚೀಲ, ಬಸವಣ್ಣನವರ ಜೋಡಿ ಇದ್ದ ಹಡಪದ ಅಪ್ಪಣ್ಣನವರು ಹಿಡೀತಿದ್ದದ್ದು ಅದು. ವಿಜಯಪುರ ಜಿಲ್ಲಾ ತಂಗಡಗಿಯೊಳಗ ಅವರ ಹೆಸರಿನ ಮಠ ಐತಿ. ನಮ್ಮ ಕಾಕಾನ ಬಗಲಾಗಿನ ಚೀಲಕ್ಕೂ ಹಡಪ ಅಂತಿದ್ರು, ಅದರಾಗ ಎರಡ್ ವಸ್ತ್ರಾ, ಕತ್ರಿ, ಸಣ್ಣ ಮಸೆಗಲ್ಲು, ತುರಟಿ. ರೊಕ್ಕ ಇಲ್ಲ, ಸುಗ್ಗ್ಯಾಗ ಆಯ ಅಂತ ಜೋಳ ಅಳೀತಿದ್ರು.

ಈಗ ಖರೆ ಪ್ರಶ್ನೆ. ಆ ಕಾಕಾ ಕಟ್ಟಿ ಮ್ಯಾಲ ನಮ್ಮಜ್ಜನ್ನ ಕುಂದ್ರಿಸಿ, ನೊರಿ ಹಚ್ಚಿ, ಒಂದ್ ಕರೇ ಚರ್ಮದ ಪಟ್ಟಿ ತಗದು ಒಂದ್ ತುದಿ ಕಾಲಿನ ಹೆಬ್ಬೆರಳಿಗೆ ಸಿಗಿಸಿ ಇನ್ನೊಂದ್ ತುದಿ ಎಡಗೈಲೆ ಬಿಗಿ ಹಿಡದು ವಸ್ತ್ರಾ ಅದರ ಮ್ಯಾಲ ಸಪ್ ಸಪ್ ಅಂತ ಎಳೀತಿದ್ದ, ಹೋಗೂವಾಗ ಒಂದ್ ಮಗ್ಗಲು, ಬರೂವಾಗ ಇನ್ನೊಂದ್ ಮಗ್ಗಲು, ಆ ಸಪ್ಪಳ ಇನ್ನೂ ಕಿವ್ಯಾಗ ಐತಿ. ಇಂಗ್ಲಿಷಿನಾಗ ಇದಕ್ಕ ಸ್ಟ್ರಾಪ್ ಅಂತಾರ. ಈ ಕೆಲಸಕ್ಕ ಕ್ರಿಯಾಪದ ಏನು? ಮಸೆಯೂದು ಅಂದ್ರ ಕಲ್ಲಿನ ಮ್ಯಾಲ, ಸಾಣಿ ಹಿಡಿಯೂದು ಅಂದ್ರ ತಿರುಗೋ ಗಾಲಿಗೆ, ಎರಡರಾಗೂ ಕಬ್ಬಿಣ ಸವೀತೈತಿ. ಚರ್ಮದ ಮ್ಯಾಲ ಎಳದ್ರ ಸವಿಯೂದು ಕಮ್ಮಿ, ಬಾಗಿದ ಬಾಯಿ ನೆಟ್ಟಗ ಆಗ್ತೈತಿ ಅಷ್ಟ. ಇಲ್ಲಿ ಖಡೇಬಜಾರದ ಕಡೆ ಇಬ್ಬರನ್ನ ಕೇಳಿದ್ನಿ, ಒಬ್ರು ‘ಪಟ್ಟಾ ಹೊಡಿಯೂದು’ ಅಂದ್ರು, ಇನ್ನೊಬ್ರು "ಈಗ ಬ್ಲೇಡ್ ಅರ್ಧ ಮುರದು ಸಿಗಸ್ತೀವಿ ಸಾಹೇಬ್ರ, ಅದೆಲ್ಲಾ ನಮ್ಮಪ್ಪಗ ಗೊತ್ತಿತ್ತು" ಅಂದು ನಕ್ರು. ಲೌಂಜಿನಾಗ ಈ ಚರ್ಮದ್ದನ್ನ ಕುರ್ಚಿಗೆ ತೂಗಹಾಕ್ಯಾರ, ಗಿರಾಕಿ ಎದುರಿಗೇನ ಎಳದು ತೋರಿಸ್ತಾರ, ಕಾರ್ಡಿನಾಗ ಅದಕ್ಕ ಬ್ಯಾರೆ ಸಾಲು ಐತಿ.

ಗ್ರೂಮಿಂಗ್ ಅನ್ನೂದನ್ನ ಹಂಗ ಬಿಟ್ಟೇನಿ. ಮೊದಲ ಅದು ಕುದರಿ ಮೈ ತಿಕ್ಕೋ ಕೆಲಸಕ್ಕ ಇದ್ದ ಮಾತು, ಕನ್ನಡ ಮಾಡಿದ್ರ ಗಿರಾಕಿಗೆ ಸಿಟ್ಟು ಬಂದೀತು. ಬಿಸಿ ಟಾವೆಲ್ಲಿಗೆ ‘ಶೇಕ’ ಹಾಕೇನಿ, ಯಾರ್ದರ ತಕರಾರಿದ್ರ ಹೇಳ್ರಿ.

ಕಾರ್ಡು ಬರೋ ಸೋಮವಾರ ಪ್ರಿಂಟಿಗೆ ಹೋಗೂದೈತಿ. ಜಮಖಂಡಿ, ಇಳಕಲ್, ಸಿಂದಗಿ ಕಡೆ ಇದ್ದವ್ರು ಈ ಐತವಾರ ಕಟಿಂಗಿಗೆ ಹೋದ್ರ ಅಂಗಡಿಯ ಹಿರ್ಯಾರಿಗೆ ಆ ಚರ್ಮದ ಪಟ್ಟಿ ಹೆಸರೊಂದು ಕೇಳಿ ಬರ್ರಿ. ಅಚ್ಚಗನ್ನಡನ ಆಗ್ಬೇಕಂತ ಹಠ ಇಲ್ಲ, ಹಿಂದಿ ಮರಾಠಿ ಉರ್ದು ಏನರ ಇರ್ಲಿ, ಕೈಯಾಗ ವಸ್ತ್ರಾ ಹಿಡದವ್ರ ಬಾಯಾಗ ಇದ್ದದ್ದು ಬೇಕು.