ಬೈನಾಕ್ಯುಲರ್ ಹಿಡಿದರೆ ತಲೆನೋವು, ಕತ್ತು ನೋವು: ರಿಪೇರಿ ಮಾಡುವವರಿಗೆ ನಿಮ್ಮ ಪ್ರಶ್ನೆಗಳು

ಪ್ರಶ್ನೆ: ಸರ್, ನಾನು ಕನ್ನಡಕ ಹಾಕುತ್ತೇನೆ. ಬೈನಾಕ್ಯುಲರ್‌ನಲ್ಲಿ ನೋಡಿದರೆ ಸಣ್ಣ ಕಿಂಡಿಯಲ್ಲಿ ಇಣುಕಿದ ಹಾಗಿರುತ್ತದೆ. ಕನ್ನಡಕ ತೆಗೆದೇ ನೋಡಬೇಕಾ?

ಉತ್ತರ: ಬೇಡ, ಹಾಕಿಕೊಂಡೇ ನೋಡಿ. ಕಣ್ಣಿಡುವ ಕಡೆ ರಬ್ಬರ್ ಐಕಪ್ ಇದೆಯಲ್ಲ, ಅದನ್ನು ಪೂರ್ತಿ ಕೆಳಗಿಳಿಸಿ. ಕೆಲವು ತಿರುಗಿಸುವಂಥವು, ಹಳೆಯವು ಮಡಚುವಂಥವು. ನನ್ನ ಹತ್ತಿರ ಬರುವ ದೂರುಗಳಲ್ಲಿ ಎಷ್ಟೋ ಇಲ್ಲಿಗೇ ಮುಗಿಯುತ್ತವೆ, ದುಡ್ಡು ಕೇಳೋಕೂ ಸಂಕೋಚ! ಇಳಿಸಿದ ಮೇಲೂ ಕಿಂಡಿಯೇ ಕಂಡರೆ ‘ಐ ರಿಲೀಫ್’ ಎಷ್ಟಿದೆ ನೋಡಿ. ಲೆನ್ಸಿನಿಂದ ಎಷ್ಟು ದೂರದಲ್ಲಿ ಕಣ್ಣಿಟ್ಟರೆ ಇಡೀ ನೋಟ ಸಿಗುತ್ತದೆ ಎನ್ನುವ ಅಳತೆ ಅದು. ಕನ್ನಡಕದವರಿಗೆ ಕಡಿಮೆಯೆಂದರೂ 15 ಮಿ.ಮೀ. ಇರಬೇಕು.

ಕನ್ನಡಕ ಇಲ್ಲದವರು ಐಕಪ್ ಮೇಲಕ್ಕೆತ್ತಬೇಕು. ಇಲ್ಲದಿದ್ದರೆ ಕಣ್ಣು ತೀರಾ ಹತ್ತಿರವಾಗಿ, ನೋಟದೊಳಗೆ ಕಪ್ಪು ನೆರಳು ಓಡಾಡುತ್ತದೆ.

ಪ್ರಶ್ನೆ: ಹತ್ತು ನಿಮಿಷ ನೋಡಿದರೆ ತಲೆ ಸಿಡಿಯುತ್ತದೆ. ನನ್ನ ಕಣ್ಣಿನದೇ ತೊಂದರೆಯಾ? ಮನೆಯಲ್ಲಿ ಎಲ್ಲರೂ ಇದೊಂದನ್ನೇ ಬಳಸುತ್ತೇವೆ.

ಉತ್ತರ: ‘ಎಲ್ಲರೂ’ ಅಂದಿರಲ್ಲ ಮೇಡಂ, ಅಲ್ಲೇ ಇರಬಹುದು. ಎರಡು ಕಣ್ಣುಗಳ ನಡುವಿನ ಅಂತರ ಒಬ್ಬೊಬ್ಬರಿಗೆ ಒಂದೊಂದು. ಮೊದಲು ಎರಡು ಕೊಳವೆಗಳನ್ನು ಮಡಚುತ್ತಾ ಬಿಡಿಸುತ್ತಾ, ಒಂದೇ ದುಂಡನೆಯ ನೋಟ ಬರುವ ಕಡೆ ನಿಲ್ಲಿಸಿ. ಸಿನಿಮಾದಲ್ಲಿ ತೋರಿಸುವ ಹಾಗೆ ಅಡ್ಡ ಮಲಗಿದ ಎಂಟು ಕಂಡರೆ ಅದು ತಪ್ಪು.

ಆಮೇಲೆ ಡಯಾಪ್ಟರ್ ಬಳೆ, ಎರಡು ಕಣ್ಣುಗಳ ದೃಷ್ಟಿಯ ವ್ಯತ್ಯಾಸ ಸರಿದೂಗಿಸುವ ತಿರುಗುವ ಬಳೆ ಅದು. ಸಾಮಾನ್ಯವಾಗಿ ಬಲಗಣ್ಣಿನ ಕಡೆ ಇರುತ್ತದೆ. ಬಲಗಡೆಯ ಮುಂದಿನ ಲೆನ್ಸಿಗೆ ಅಂಗೈ ಅಡ್ಡ ಹಿಡಿದು, ನಡುವಿನ ಚಕ್ರ ತಿರುಗಿಸಿ ದೂರದ ಬೋರ್ಡೊಂದನ್ನು ಎಡಗಣ್ಣಿಗೆ ಸ್ಪಷ್ಟ ಮಾಡಿಕೊಳ್ಳಿ. ಈಗ ಎಡಗಡೆಗೆ ಕೈ ಅಡ್ಡ ಹಿಡಿದು, ಅದೇ ಬೋರ್ಡು ಬಲಗಣ್ಣಿಗೆ ಸ್ಪಷ್ಟವಾಗುವವರೆಗೆ ಬಳೆಯನ್ನು ಮಾತ್ರ ತಿರುಗಿಸಿ. ಕಣ್ಣು ಮುಚ್ಚಬೇಡಿ. ಒಂದನ್ನು ಮುಚ್ಚಿದರೆ ಇನ್ನೊಂದೂ ಕಿರಿದಾಗಿ, ಅಳತೆ ತಪ್ಪುತ್ತದೆ. ಬಳೆ ನಿಂತ ಜಾಗ ನೆನಪಿಟ್ಟುಕೊಳ್ಳಿ, ಮುಂದಿನವರು ತಿರುಗಿಸಿಯೇ ತಿರುಗಿಸುತ್ತಾರೆ.

ಇಷ್ಟಾದರೂ ನೋವು ಹೋಗದಿದ್ದರೆ, ಬೈನಾಕ್ಯುಲರ್ ಯಾವಾಗಲಾದರೂ ಬಿದ್ದಿತ್ತಾ?

ಪ್ರಶ್ನೆ: ಕೈ ನಡುಗುತ್ತದೆ, ಕತ್ತೂ ನೋವು. ನನ್ನದು 10×42. ಚಿಕ್ಕದು ತೆಗೆದುಕೊಳ್ಳಲಾ?

ಉತ್ತರ: 10 ಪಟ್ಟು ದೊಡ್ಡದಾಗುವುದು ಹಕ್ಕಿ ಒಂದೇ ಅಲ್ಲ, ನಿಮ್ಮ ನಡುಕವೂ ಅಷ್ಟೇ ದೊಡ್ಡದಾಗುತ್ತದೆ. ನನ್ನನ್ನು ಕೇಳಿದರೆ ದಿನವಿಡೀ ನೋಡಲು 8 ಸಾಕು. ಚಿಕ್ಕದರಲ್ಲಿ ಭಾರ ಕಮ್ಮಿ ನಿಜ, ಆದರೆ ಸತಾಯಿಸುತ್ತದೆ. ಎರಡನೇ ಅಂಕಿ ಮುಂದಿನ ಲೆನ್ಸಿನ ಅಗಲ, ಮಿ.ಮೀ.ನಲ್ಲಿ. ಅದನ್ನು ಮೊದಲನೆಯದರಿಂದ ಭಾಗಿಸಿ ನೋಡಿ. 8×42ರಲ್ಲಿ ಕಣ್ಣಿಗೆ ಬರುವ ಬೆಳಕಿನ ಬಿಲ್ಲೆ 5.25 ಮಿ.ಮೀ., 10×25ರಲ್ಲಿ ಬರೀ 2.5. ಕಣ್ಣು ಕೊಂಚ ಸರಿದರೂ ನೋಟ ಹೋಯ್ತು.

ಕೊಳ್ಳುವ ಮೊದಲು ಹಿಡಿಯುವ ರೀತಿ ಬದಲಿಸಿ. ಮೊಣಕೈ ರೆಕ್ಕೆಯ ಹಾಗೆ ಹರಡಬೇಡಿ, ಎದೆಗೆ ಒತ್ತಿಕೊಳ್ಳಿ. ಟೋಪಿ ಇದ್ದರೆ ಅದರ ಅಂಚನ್ನೂ ಬೆರಳಲ್ಲಿ ಸೇರಿಸಿ ಹಿಡಿಯಿರಿ, ತಲೆಯೇ ಆಸರೆ. ಗೋಡೆಯೋ ಮರವೋ ಸಿಕ್ಕರೆ ಒರಗಿಕೊಳ್ಳಿ, ನಾಚಿಕೆ ಯಾಕೆ? ಕತ್ತಿನ ಪಟ್ಟಿ ಬಿಟ್ಟು, ಬೆನ್ನ ಮೇಲೆ ಹಾದುಹೋಗುವ ಹಾರ್ನೆಸ್ ಹಾಕಿ. ಭಾರ ಹೆಗಲಿಗೆ ಹೋಗುತ್ತದೆ. ಫಿನ್ಲೆಂಡಿನ ಪಕ್ಷಿ ವೀಕ್ಷಕರು ಬೈನಾಕ್ಯುಲರ್‌ನ ಕೆಳಗೆ ಒಂದು ಕೋಲು ಸಿಕ್ಕಿಸಿ, ಅದನ್ನೇ ಹಿಡಿದು ನೋಡುತ್ತಾರೆ. ಕೈ ಮೇಲೆತ್ತುವ ಕೆಲಸವೇ ಇಲ್ಲ.

ಪ್ರಶ್ನೆ: ಸರ್, ತಲೆನೋವಿನ ಬಗ್ಗೆ ಕೇಳಿದ್ದು ನಾನೇ. ಹೌದು, ಒಮ್ಮೆ ಮೇಜಿನಿಂದ ಬಿದ್ದಿತ್ತು. ಗಾಜು ಒಡೆದಿಲ್ಲ.

ಉತ್ತರ: ಗಾಜು ಒಡೆಯಬೇಕಿಲ್ಲ, ಒಳಗೆ ಬೆಳಕನ್ನು ತಿರುಗಿಸುವ ಗಾಜಿನ ತುಂಡು, ಪ್ರಿಸಂ, ಕೂದಲೆಳೆಯಷ್ಟು ಸರಿದರೂ ಸಾಕು. ದೂರದ ಅಡ್ಡ ತಂತಿಯನ್ನು ನೋಡುತ್ತಾ ಬೈನಾಕ್ಯುಲರನ್ನು ಕಣ್ಣಿನಿಂದ ನಿಧಾನವಾಗಿ ಒಂದು ಗೇಣು ದೂರಕ್ಕೆ ಸರಿಸಿ. ತಂತಿ ಒಂದರ ಮೇಲೊಂದು ಎರಡಾಯ್ತಾ?

ಪ್ರಶ್ನೆ: ಹೌದು! ಎರಡಾಯ್ತು.

ಉತ್ತರ: ಹಾಗಾದರೆ ಕಣ್ಣಿನದು ತಪ್ಪಲ್ಲ. ಒಂದು ಕಣ್ಣು ಮೇಲೆ, ಒಂದು ಕೆಳಗೆ ನೋಡಿ ಹೊಂದಿಸೋದು ಯಾರಿಗಾದರೂ ಕಷ್ಟ. ರಿಪೇರಿಗೆ ಕೊಡಿ. ಅಲ್ಲಿವರೆಗೆ ಸ್ಕ್ರೂಡ್ರೈವರ್ ಮುಟ್ಟಬೇಡಿ, ದಯವಿಟ್ಟು.