ಸಾರಥಿ ಗಣಪತಿಗೆ ರೇಷನ್ ಕಾರ್ಡ್ ಕೇಳಿದ್ದು ತಪ್ಪೇನ್ರಿ?

ಭತ್ತದ ನಾಡಿನವ, ಗಂಗಾವತಿ:

ನಮ್ಮೂರು ಗಂಗಾವತಿ ತಾಲೂಕಿನಾಗ ಐತಿ, ಹೆಸರು ಸದ್ಯಕ್ಕ ಬ್ಯಾಡ. ಟ್ರ್ಯಾಕ್ಟರ್ ಸಾಮಾನಿನ ಅಂಗಡಿ ಇಟ್ಕೊಂಡೀನಿ. ಅದರ ಜೋಡಿ ಸುತ್ತಲ ಹಳ್ಳಿ ಬಯಲಾಟ ವಿಡಿಯೋ ಮಾಡಿ ಯೂಟ್ಯೂಬಿಗೆ ಹಾಕೋ ಹುಚ್ಚು ಒಂದು. ರಾತ್ರಿ ಶುರುವಾದ ಆಟ ಬೆಳಕು ಹರಿಯೋ ಮಟ ನಡಿತೈತಿ, ಒಂದು ಚೂರೂ ಕತ್ತರಸದ ಅಷ್ಟೂ ಹಾಕ್ತೀನಿ. ನೋಡೋರು ಬಾಳ ಮಂದಿ ಏನಿಲ್ಲ. ಬೆಂಗಳೂರು, ಪುಣೆ, ಮಂಗಳೂರಿಗೆ ದುಡಿಯಾಕ ಹೋದ ನಮ್ಮ ಕಡೆ ಹುಡುಗರು, ಅಷ್ಟ.

ಈ ಸಲ ಜಾತ್ರಿಗೆ ನಮ್ಮೂರಾಗ ಆಟ ಆತು. ಬಯಲಾಟ ನೋಡದವರಿಗೆ ಒಂದು ಮಾತು ಹೇಳಿಬಿಡ್ತೀನಿ. ಮೊದಲ ಗಣಪತಿ ಸ್ತುತಿ. ಆಮ್ಯಾಲೆ ಯಾವ ಪಾತ್ರ ಬರಲಿ, ದೇವರಿರಲಿ, ರಾಜ ಇರಲಿ, ರಾಕ್ಷಸ ಇರಲಿ, ಆಟ ನಡಸೋ ಸಾರಥಿ ಅಡ್ಡ ನಿಂತು "ತಾವು ಯಾರು, ಈ ರಂಗಸ್ಥಳಕ್ಕ ಬಂದ ಕಾರಣ ಏನು" ಅಂತ ಕೇಳ್ತಾನ. ಹೆಸರು, ಊರು ಹೇಳೇ ಮುಂದ ಹೋಗಬೇಕು. ಆ ಮಾತಿನ ನಡುವ ಸಾರಥಿ ತನ್ನ ಕಡಿಂದ ಒಂದಿಷ್ಟು ಸೇರಸ್ತಾನ. ನಿದ್ದಿಗೆ ಬಿದ್ದ ಮಂದಿ ಎದ್ದು ಕುಂಡ್ರೋದು ಅದಕ್ಕ.

ನಮ್ಮ ಸಾರಥಿ ಗಣಪತಿಗೆ ಕೇಳಿದ: "ಹೊಟ್ಟಿ ನೋಡಿದರ ಎಪಿಎಲ್‌ನವ ಕಂಡಂಗ ಕಾಣ್ತಿ, ರೇಷನ್ ಕಾರ್ಡ್ ಐತೇನಪಾ?" ಗಣಪತಿ ಪಾತ್ರ ಹೈಸ್ಕೂಲ್ ಹುಡುಗಂದು. ಅಂವ ಅಂದ: "ನಮ್ಮಪ್ಪನ ಮನಿ ಸುಡುಗಾಡದಾಗ. ಪಂಚಾಯ್ತಿಯವರು ಮನಿ ನಂಬರ ಕೊಡವಲ್ಲರು." ಸಾರಥಿ: "ಹಂಗಾರ ನಿಮ್ಮಪ್ಪಗ ಹೇಳು, ಎಲ್ಲರೂ ಮೊದಲ ನನ್ನ ಪೂಜಿ ಮಾಡ್ತಾರ, ನೀನು ಮೊದಲ ಪಿಡಿಒ ಸಾಹೇಬ್ರ ಪೂಜಿ ಮಾಡು ಅಂತ!" ಮಂದಿ ಬಿದ್ದು ಬಿದ್ದು ನಕ್ಕರು. ಗುಡಿ ಪೂಜಾರಿ ನಕ್ಕಿದ್ದು ನನ್ನ ಕ್ಯಾಮೆರಾದಾಗ ಐತಿ.

ಯಾರೋ ಅಷ್ಟ ತುಣುಕು ಕತ್ತರಿಸಿ ರೀಲ್ಸ್ ಮಾಡ್ಯಾರ. ಮ್ಯಾಲೆ "ನಮ್ಮ ದೇವರನ್ನು ಅಣಕಿಸುತ್ತಿರುವುದು ಯಾರು ನೋಡಿ" ಅಂತ ಬರದು ಸಾರಥಿಯ ಖರೇ ಹೆಸರು ಹಾಕ್ಯಾರ. ಅಂವ ಸಾಬರಂವ. ಊರಾಗ ಟೇಲರ್. ಅವರಪ್ಪನೂ ಸಾರಥಿನ ಮಾಡ್ತಿದ್ದ. ಪೂಜಾರಿ ಮನಿ ಜಂಪರ್ ಹೊಲಿಯಾಂವ, ಗಣಪತಿಯ ಆ ಜರದ ಅಂಗಿ ಹೊಲದಾಂವ ಅಂವನ. ಈಗ ಗೊತ್ತಿಲ್ಲದ ನಂಬರಿನಿಂದ ಫೋನ್ ಬರಾಕತ್ತಾವ. ಕಂಪ್ಲೇಂಟ್ ಕೊಡ್ತೀವಿ ಅಂತಾರ.

ವಿಡಿಯೋ ತೆಗಿಲ್ಯಾ? ಕೇಸ್ ಆದರ ಯಾರ ಮ್ಯಾಲೆ ಆಕ್ಕೈತಿ? ಕ್ಷಮೆ ಕೇಳಿ ಒಂದು ವಿಡಿಯೋ ಹಾಕ್ರಿ ಅಂತ ಮೇಳದ ಹಿರಿಯರು ಒಬ್ಬರು ಅಂತಾರ. ಯಾವುದಕ್ಕ ಕ್ಷಮೆ ಕೇಳಬೇಕಂಬೋದ ನನಗ ತಿಳಿವಲ್ದು.

ಕರಿಕೋಟು, ರಾಯಚೂರು:

ಅಣ್ಣಾರ, ಮೊದಲು ಒಂದು ಕೆಲಸ. ಇಡೀ ರಾತ್ರಿಯ ಮೂಲ ವಿಡಿಯೋವನ್ನು ಪೆನ್‌ಡ್ರೈವಿಗೆ ಹಾಕಿ ಬೇರೆ ಕಡೆ ಇಡಿ. ಆ ರೀಲ್ಸಿನ ಸ್ಕ್ರೀನ್‌ಶಾಟ್ ತೆಗೆಯಿರಿ, ಲಿಂಕ್, ತಾರೀಕು ಬರೆದಿಡಿ. ನಾಳೆ ಅವರೇ ಅಳಿಸಿಬಿಟ್ಟರೆ ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ.

ಈಗ ಕಾನೂನು. ಧಾರ್ಮಿಕ ಭಾವನೆಗೆ ಧಕ್ಕೆ ತರುವುದರ ಬಗ್ಗೆ ಹಳೆಯ ದಂಡ ಸಂಹಿತೆಯಲ್ಲಿ (ಐಪಿಸಿ) ಇದ್ದ 295ಎ ಈಗ ಭಾರತೀಯ ನ್ಯಾಯ ಸಂಹಿತೆಯ 299ನೇ ಕಲಂ, 2024ರ ಜುಲೈ 1ರಿಂದ ಜಾರಿ. 3 ವರ್ಷದವರೆಗೆ ಶಿಕ್ಷೆ. ಎಲೆಕ್ಟ್ರಾನಿಕ್ ವಿಧಾನದ ಮೂಲಕ ಮಾಡಿದ್ದೂ ಸೇರುತ್ತದೆ ಅಂತ ಹೊಸದರಲ್ಲಿ ಸ್ಪಷ್ಟವಾಗಿ ಬರೆದಿದ್ದಾರೆ. ಆದರೆ ಕಲಂನ ಜೀವ ಇರುವುದು ಒಂದೇ ಕಡೆ: ಉದ್ದೇಶಪೂರ್ವಕವಾಗಿ, ದುರುದ್ದೇಶದಿಂದ ಅವಮಾನ ಮಾಡಿರಬೇಕು. ಯಾರಿಗೋ ನೋವಾಯಿತು ಅನ್ನುವುದಷ್ಟೇ ಸಾಲದು. ಧೋನಿಯನ್ನು ವಿಷ್ಣುವಿನಂತೆ ಚಿತ್ರಿಸಿ ಒಂದು ಪತ್ರಿಕೆ 2013ರಲ್ಲಿ ಮುಖಪುಟ ಮಾಡಿತ್ತಲ್ಲ, ಆ ಕೇಸನ್ನು ಸುಪ್ರೀಂ ಕೋರ್ಟ್ 2017ರಲ್ಲಿ ವಜಾ ಮಾಡಿದ್ದು ಇದೇ ಕಾರಣಕ್ಕೆ.

ಈ ಕಲಂ ಹುಟ್ಟಿದ್ದು 1927ರಲ್ಲಿ. ಪ್ರವಾದಿಯವರ ಬಗ್ಗೆ ಲಾಹೋರಿನಲ್ಲಿ ಬಂದ ಕಿರುಹೊತ್ತಿಗೆಯೊಂದರ ಪ್ರಕಾಶಕನನ್ನು ಅಲ್ಲಿಯ ಹೈಕೋರ್ಟ್ ಬಿಡುಗಡೆ ಮಾಡಿತು, ಆಗಿನ ಕಾನೂನಿನಲ್ಲಿ ಅದು ಅಪರಾಧ ಆಗುವುದಿಲ್ಲ ಅಂತ. ದೊಡ್ಡ ಗಲಾಟೆ ಎದ್ದಿತು, ಬ್ರಿಟಿಷ್ ಸರ್ಕಾರ ಹೊಸ ಕಲಂ ತಂದಿತು. 1929ರಲ್ಲಿ ಆ ಪ್ರಕಾಶಕನ ಕೊಲೆಯೂ ಆಯಿತು. ಅಂದರೆ ಕಲಂ ಬಂದದ್ದರಿಂದ ಸಿಟ್ಟೇನೂ ತಣ್ಣಗಾಗಲಿಲ್ಲ. ಸಂವಿಧಾನದ 19(2)ರಲ್ಲಿ ಮಾತಿಗೆ ಮಿತಿ ಹಾಕುವ ಕಾರಣಗಳ ಪಟ್ಟಿ ಇದೆ. ಧಾರ್ಮಿಕ ಭಾವನೆ ಆ ಪಟ್ಟಿಯಲ್ಲಿಲ್ಲ. 1957ರಲ್ಲಿ ಸುಪ್ರೀಂ ಕೋರ್ಟ್ ಈ ಕಲಂ ಅನ್ನು ಎತ್ತಿಹಿಡಿದದ್ದು ಸಾರ್ವಜನಿಕ ಸುವ್ಯವಸ್ಥೆ ಅನ್ನುವ ಕಾರಣದ ಆಸರೆಯಲ್ಲಿ.

ಪೊಲೀಸರು ಕರೆದರೆ ಹೋಗಿ, ಒಬ್ಬರೇ ಹೋಗಬೇಡಿ. ಇಂಥ ಮಾತಿನ ಪ್ರಕರಣಗಳಲ್ಲಿ ಎಫ್‌ಐಆರ್‌ಗೆ ಮುಂಚೆ ಪ್ರಾಥಮಿಕ ವಿಚಾರಣೆ ಮಾಡುವುದು ಸರಿ ಅಂತ 2025ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮಾತಿನ ಪರಿಣಾಮವನ್ನು ಗಟ್ಟಿ ಮನಸ್ಸಿನವರ ಅಳತೆಯಿಂದ ನೋಡಬೇಕು, ಎಲ್ಲಕ್ಕೂ ಅಳುಕುವವರ ಅಳತೆಯಿಂದಲ್ಲ ಎಂದೂ ಅದೇ ತೀರ್ಪಿನಲ್ಲಿದೆ. ಸರ್ಕಾರದ ಅನುಮತಿ ಇಲ್ಲದೆ 299ರ ಕೇಸನ್ನು ಕೋರ್ಟ್ ವಿಚಾರಣೆಗೆ ತೆಗೆದುಕೊಳ್ಳುವಂತಿಲ್ಲ. ಹಾಗಂತ ನಿಶ್ಚಿಂತೆಯಾಗಿರಿ ಅಂತ ನಾನು ಹೇಳುವುದಿಲ್ಲ. ಇದು ಜಾಮೀನುರಹಿತ ಕಲಂ. ಕೊನೆಗೆ ಗೆಲ್ಲುವುದು ಬೇರೆ, ಅಲ್ಲಿಯವರೆಗೆ ಅಲೆಯುವುದು ಬೇರೆ.

ನನ್ನನ್ನು ಕೇಳಿದರೆ ಪೊಲೀಸರು ನೋಡಬೇಕಾದದ್ದು ಆ ತಲೆಬರಹ ಹಾಕಿದವನನ್ನು. ಧರ್ಮ ಎತ್ತಿ ಎರಡು ಸಮುದಾಯಗಳ ನಡುವೆ ದ್ವೇಷ ಹಚ್ಚುವುದಕ್ಕೆ 196ನೇ ಕಲಂ ಇದೆ.

ಕೋಟೆ ಕೆಳಗಿನವ, ಬಳ್ಳಾರಿ:

ವಕೀಲರು ಕಾನೂನು ಹೇಳಿದ್ರು, ಸರಿ. ನಾನು ದಿನಾ ಗಣಪತಿಗೆ ಕೈಮುಗಿದು ಅಂಗಡಿ ತೆಗೆಯೋನು, ನನ್ನ ಮಾತೂ ಕೇಳ್ರಿ. ಆ ರೀಲ್ಸ್ ನನ್ನ ಫೋನಿಗೂ ಬಂತು. ಸಿಟ್ಟೂ ಬಂತು, ಸುಳ್ಳು ಯಾಕೆ ಹೇಳ್ಲಿ. ನಿಮ್ಮೂರ ಬಯಲಲ್ಲಿ ಕೂತೋರಿಗೆ ಅವನ್ಯಾರು, ಅವರಪ್ಪ ಯಾರು ಗೊತ್ತು. ನನಗೆ ಗೊತ್ತಿದ್ದದ್ದು ಆ ಹೆಸರೊಂದೇ. ನೋಡಿದೋನ ಮೇಲೇ ತಪ್ಪು ಹಾಕಬ್ಯಾಡ್ರಿ.

ಇನ್ನೊಂದು. ಇದೇ ನಗೆ ಆ ಕಡೆಯ ದೇವರ ಮೇಲೆ ಮಾಡಿದ್ರೆ ಸುಮ್ನಿರ್ತಿದ್ರಾ? 2020ರಲ್ಲಿ ಬೆಂಗಳೂರಿನ ಡಿ.ಜೆ. ಹಳ್ಳಿಯಲ್ಲಿ ಒಂದು ಫೇಸ್‌ಬುಕ್ ಪೋಸ್ಟಿಗೆ ಪೊಲೀಸ್ ಠಾಣೆಗೇ ಬೆಂಕಿ ಬಿತ್ತು, ಗೋಲಿಬಾರಿನಲ್ಲಿ 3 ಜನ ಸತ್ತರು. ನಾವು ಮಾತ್ರ ನಗ್ತಾ ಇರಬೇಕಾ?

ಭತ್ತದ ನಾಡಿನವ, ಗಂಗಾವತಿ:

ಯಜಮಾನ್ರ, ಸಿಟ್ಟು ಬಂತು ಅಂತ ನೇರ ಹೇಳಿದ್ರಿ, ಚಲೋ ಆತು. ಡಿ.ಜೆ. ಹಳ್ಳಿ ಮಂದಿ ಮಾಡಿದ್ದನ್ನ ಸರಿ ಅನ್ನಾಂವ ನಾನಲ್ಲ. ಆದರ ಅದರ ಲೆಕ್ಕ ನಮ್ಮೂರ ಟೇಲರ್ ಯಾಕ ಚುಕ್ತಾ ಮಾಡಬೇಕು?

"ಆ ಕಡೆ" ಅಂದ್ರಲ್ಲ. ಮೊಹರಂ ಬಂದ್ರ ನಮ್ಮೂರಾಗ ಆ ಕಡೆ ಈ ಕಡೆ ಹುಡುಕಿದ್ರೂ ಸಿಗಂಗಿಲ್ಲ. ಮೊಹರಂದಾಗ ಕೂಡ್ರಸೋ ಅಲಾಯಿ ದೇವರಿಗೆ ಸಕ್ಕರಿ ಓದಿಸ್ಯಾಕ ನಮ್ಮವ್ವನ ಮುಂದ ಇರ್ತಾಳ. ನಾನು ಸಣ್ಣಾಂವ ಇದ್ದಾಗ ಜ್ವರ ಬಂದಿತ್ತು, ಹರಕಿ ಹೊತ್ತು ನನ್ನ ಫಕೀರನ್ನ ಮಾಡಿದ್ಲು. ರಾಯಚೂರು ಜಿಲ್ಲೆ ಮುದಗಲ್ಲಿನ ಮೊಹರಂಗೆ ಹೋಗಿ ನೋಡ್ರಿ, ಅಲ್ಲಿ ಎಷ್ಟು ಹಿಂದೂ ಮಂದಿ ಸೇರ್ತಾರ. ಬೆಂಕಿ ಹಾಕೋ ಅಲಾಯಿ ಕುಣಿ ಸುತ್ತ ಹೆಜ್ಜಿ ಹಾಕೋರ ಪದದಾಗೂ ಸವಾಲು-ಜವಾಬು ಇರ್ತಾವ, ಒಬ್ಬರ ಕಾಲು ಒಬ್ಬರು ಎಳಿತಾರ.

ಹಂಗಂತ ಏನು ಬೇಕಾದ್ದು ಅನ್ನಬಹುದು ಅಂತಲ್ಲ. ಊರಾಗ ನಗೋ ಹಕ್ಕು ಪುಕ್ಕಟ ಸಿಗಂಗಿಲ್ಲ. ಸಾರಥಿ ಪಾತ್ರ ಸಿಗಬೇಕಂದ್ರ ಮೊದಲ ತಿಂಗಳಗಟ್ಟಲೆ ರಾತ್ರಿ ತಾಲೀಮಿಗೆ ಕುಂಡ್ರಬೇಕು, ಗಣಪತಿ ಸ್ತುತಿ ಬಾಯಿಪಾಠ ಬರಬೇಕು. ನಮ್ಮ ಟೇಲರ್ ಗೆಜ್ಜಿ ಕಟ್ಟೋಕ್ಕಿಂತ ಮೊದಲ ಅದಕ್ಕ ಹಣಿ ಹಚ್ಚಿ ನಮಸ್ಕಾರ ಮಾಡ್ತಾನ. ರೀಲ್ಸಿನಾಗ ಅದು ಇಲ್ಲ. ಕತ್ತರಿಸಿದಾಂವ ಬಿಟ್ಟಿದ್ದು ಅದನ್ನ.

ಆ ಚೇಷ್ಟಿ ಗಣಪತಿ ಮ್ಯಾಲೆ ಅಲ್ಲ ಅಂತ ನನಗಂತೂ ಖಾತ್ರಿ. ಮನಿ ನಂಬರಿಗೆ ಅಡ್ಡಾಡಿ ಚಪ್ಪಲಿ ಸವೆಸಿದ ಮಂದಿ ಅಲ್ಲಿ ಕುಂತಿದ್ರು. ದೇವರಿಗೂ ಪಂಚಾಯ್ತಿ ಕಾಟ ತಪ್ಪಿಲ್ಲ ಅಂತ ನಕ್ಕರು.

ಸುಮ್ಮನಿರ್ರಿ, ಸಿಂಧನೂರು:

ಡಿಲೀಟ್ ಮಾಡಿ ಆರಾಮ ಇರ್ರಿ. ಟೇಲರಿಗೆ ಹೊಲಿಗಿ ಸಾಕು, ಆಟ ಯಾಕ ಬೇಕು.

ಟೀಚರಮ್ಮ, ಕೊಪ್ಪಳ:

ಮೇಲಿನವರೇ, ಆಟ ಯಾಕೆ ಬೇಕು ಅಂದ ದಿನ ಆ ಊರಿಗೆ ಸಾರಥಿ ಇರುವುದಿಲ್ಲ. ಅಷ್ಟೇ ಅಲ್ಲ, ಗಣಪತಿ ಪಾತ್ರದ ಹುಡುಗ ಇದರಿಂದ ಏನು ಕಲಿಯುತ್ತಾನೆ ಅಂತಲೂ ಯೋಚಿಸಿ.

ಅಣ್ಣ, ಸಾಹಿತ್ಯದ ಮಾತು ಬಿಟ್ಟು ಕೆಲಸದ ಮಾತು ಹೇಳುತ್ತೇನೆ. ಆ ರೀಲ್ಸಿನ ಕೆಳಗೆ ನಿಮ್ಮೂರ ಹುಡುಗರು ಬೈಯುತ್ತಾ ಕೂತಿದ್ದರೆ ನಿಲ್ಲಿಸಿ. ಬೈಗುಳವೂ ಕಮೆಂಟೇ, ಕಮೆಂಟ್ ಬಂದಷ್ಟೂ ಅದನ್ನು ಇನ್ನಷ್ಟು ಜನಕ್ಕೆ ತೋರಿಸುತ್ತಾರೆ. ಪೂರ್ತಿ ವಿಡಿಯೋ ಇರಲಿ. ಸ್ತುತಿಯಿಂದ ಗಣಪತಿ ಒಳಗೆ ಹೋಗುವವರೆಗಿನ ಭಾಗವನ್ನು ಬೇರೆ ಮಾಡಿ ಹಾಕಿ, ಪೂಜಾರಿಯವರು ನಕ್ಕಿದ್ದೂ ಇರಲಿ. ಅವರನ್ನು ಕೇಳಿ ಹಾಕಿ ಮತ್ತೆ! ಹುಡುಗನ ಮನೆಯವರನ್ನೂ ಕೇಳಿ. ಎಲ್ಲಕ್ಕಿಂತ ಮೊದಲು ಟೇಲರ್ ಅವರನ್ನು ಕೇಳಿದಿರಾ? ಇಷ್ಟು ಹೊತ್ತು ನಾವೆಲ್ಲ ಅವರ ಬಗ್ಗೆ ಮಾತಾಡುತ್ತಿದ್ದೇವೆ.

ಭತ್ತದ ನಾಡಿನವ, ಗಂಗಾವತಿ:

ಅಕ್ಕಾರ, ಸಂಜಿಗೆ ಅಂವನ ಅಂಗಡಿಗೆ ಹೋಗಿದ್ದೆ. ಮಷಿನ್ ತುಳಿಯೋದು ನಿಲ್ಲಸಲೇ ಇಲ್ಲ. "ಆಟ ತೆಗಿಬ್ಯಾಡ, ಆದರ ನನ್ನ ಮಗಳು ಗಂಗಾವತಿ ಕಾಲೇಜಿಗೆ ಬಸ್ಸಿನಾಗ ಹೋಗ್ತಾಳ, ಆ ರೀಲ್ಸಿನಾಗಿನ ಹೆಸರು ಹೋಗಂಗ ಮಾಡು" ಅಂದ. ಕ್ಷಮೆ ವಿಡಿಯೋ ಅಂದಿದ್ದಕ್ಕ, "ಕೇಳೂದಾದರ ಆ ಗಣಪತಿಗೆ ಕೇಳ್ತೀನಿ, ಫೋನಿಗೆ ಕೇಳಂಗಿಲ್ಲ" ಅಂದ. ಪೂಜಾರಿ ತಾವ ಕ್ಯಾಮೆರಾ ಮುಂದ ಬಂದು ಮಾತಾಡ್ತೀನಿ ಅಂದಾರ. ಹುಡುಗನ ಅವ್ವ ಬ್ಯಾಡ ಅಂದ್ಲು, ಹಿಂಗಾಗಿ ಬ್ಯಾರೆ ತುಣುಕು ಹಾಕಂಗಿಲ್ಲ. ಪೂರಾ ಆಟ ಇದ್ದಂಗ ಇರತೈತಿ, ಅದಕ್ಕ ಆಕಿ ಒಪ್ಪ್ಯಾಳ.

ವಕೀಲ್ರ, ಆ ರೀಲ್ಸ್ ಇಳಿಸೋದು ಹೆಂಗ? ರಿಪೋರ್ಟ್ ಮಾಡಿದ್ದಕ್ಕ "ನಮ್ಮ ನಿಯಮ ಉಲ್ಲಂಘನೆ ಆಗಿಲ್ಲ" ಅಂತ ಉತ್ತರ ಬಂತು.

ಕರಿಕೋಟು, ರಾಯಚೂರು:

ಧರ್ಮದ ಹೆಸರಲ್ಲಿ ರಿಪೋರ್ಟ್ ಮಾಡಿದ್ದೀರಿ, ಅದಕ್ಕೆ. ವಿಡಿಯೋ ತೆಗೆದವರು ನೀವು, ಹಕ್ಕು ನಿಮ್ಮದು. ಕಾಪಿರೈಟ್ ಅರ್ಜಿ ಹಾಕಿ, ಮೂಲ ವಿಡಿಯೋದ ಲಿಂಕ್ ಕೊಡಿ. ದ್ವೇಷದ ದೂರಿಗಿಂತ ಅದಕ್ಕೇ ಆ ಕಂಪನಿಗಳು ಬೇಗ ಅಲುಗಾಡುವುದು, ಏನು ಮಾಡುವುದು. ಅರ್ಜಿಯಲ್ಲಿನ ನಿಮ್ಮ ಹೆಸರು, ಇಮೇಲ್ ಎದುರಿನವನಿಗೂ ಹೋಗಬಹುದು. ಅದಕ್ಕೆ ಅಂತಲೇ ಬೇರೆ ಇಮೇಲ್ ಮಾಡಿಕೊಳ್ಳಿ, ಅಂಗಡಿಯದ್ದು ಕೊಡಬೇಡಿ. ಫೋನ್ ಮಾಡಿ ಬೆದರಿಸಿದ ನಂಬರುಗಳ ಪಟ್ಟಿ ಸೋಮವಾರ ತನ್ನಿ, ಠಾಣೆಗೆ ಕೊಡುವ ಅರ್ಜಿ ನಾನು ಬರೆದುಕೊಡುತ್ತೇನೆ.